ಕಿವಿಯೊಳಗಿನ ಸದ್ದು ನಿಲ್ಲುತ್ತಿಲ್ಲ, ಸಹಾಯ ಬೇಕು

ದೊಡ್ಡಬಳ್ಳಾಪುರದಲ್ಲಿ ಪವರ್‌ಲೂಮ್ ಮಗ್ಗದ ಕೆಲಸ ನನ್ನದು. ಈಗ ಎರಡೂ ಕಿವಿಯಲ್ಲಿ ಹಗಲೂ ರಾತ್ರಿ ಕುಂಯ್ ಅನ್ನೋ ಸದ್ದು, ಫ್ಯಾನ್ ಜೋರಾಗಿ ಹಾಕಿದರೆ ಮಾತ್ರ ಸ್ವಲ್ಪ ನಿದ್ದೆ. ಕಿವಿ ಎಷ್ಟು ಕೇಳಿಸುತ್ತೆ ಅಂತ ತೋರಿಸೋ ಆಡಿಯೋಗ್ರಾಮ್‌ನಲ್ಲಿ 4000 ಹರ್ಟ್ಸ್ ಹತ್ತಿರ ಗೆರೆ ಕೆಳಗೆ ಬಿದ್ದಿದೆ, ಅಂದರೆ ಕೀರಲು ಸದ್ದು ಸ್ವಲ್ಪ ಕಮ್ಮಿ ಕೇಳಿಸುತ್ತದೆ; ಎಂಆರ್‌ಐ ನಾರ್ಮಲ್. ಮಾತ್ರೆ, ಡ್ರಾಪ್ಸ್ ಎಲ್ಲ ಆಯ್ತು, ಏನೂ ಬದಲಾಗಲಿಲ್ಲ.

ಅಣ್ಣ ಡಯಾಲಿಸಿಸ್‌ಗೆ ಹೋಗುತ್ತಾನೆ. ಅವನ ಮುಂದೆ ನಿಂದೇನು ಮಹಾ ಅಂತಾರೆ ಮನೆಯಲ್ಲಿ. ಹೋಲಿಸೋಕೆ ನನಗೂ ಇಷ್ಟವಿಲ್ಲ, ಆದರೆ ಅಣ್ಣನೇ ಒಂದು ದಿನ "ನಾನು ನಾಲ್ಕು ಗಂಟೆ ಆದಮೇಲೆ ಮಷಿನ್ ಬಿಟ್ಟು ಎದ್ದು ಬರ್ತೀನಿ, ನಿನಗೆ ಅದೂ ಇಲ್ವಲ್ಲ" ಅಂದ.

ಈಗ ಒಬ್ಬರು ಹಿಯರಿಂಗ್ ಏಡ್ ಹಾಕಿ ಅಂತಾರೆ, ಇನ್ನೊಬ್ಬರು ಸಿಬಿಟಿ (ಯೋಚನೆ, ನಡವಳಿಕೆ ಬದಲಿಸಿಕೊಳ್ಳೋಕೆ ಕಲಿಸೋ) ಕೌನ್ಸೆಲಿಂಗ್ ಅಂತಾರೆ. ನನಗೆ ಮಾತು ಚೆನ್ನಾಗೇ ಕೇಳಿಸುತ್ತದೆ, ಮತ್ತೆ ಏಡ್ ಯಾಕೆ ಅನ್ನೋದೇ ಗೊಂದಲ. ನನ್ನ ಥರ ಕಿವಿ ಸ್ವಲ್ಪವೇ ಮಂದ ಇದ್ದು ಏಡ್ ಹಾಕಿಕೊಂಡವರು ಇದ್ದೀರಾ? ಸದ್ದು ಕಮ್ಮಿ ಆಯ್ತಾ, ರಾತ್ರಿ ತೆಗೆದಿಟ್ಟ ಮೇಲೆ ಹೇಗಿರುತ್ತದೆ?