ಡಿಸೆಂಬರಿನ ಸಂಜೆಗೆ ಗಟ್ಟಿಯಾಗಿ ಓದಬಹುದಾದ ಇಂಗ್ಲಿಷಿನ ಹಳೆಯ ಪ್ರೇತಕಥೆ ಯಾವುದು?

ಉಡುಪಿಯ ಓದುಗ (ಪ್ರಶ್ನೆ):
ನಾವು ಎಂಟು-ಹತ್ತು ಮಂದಿ ತಿಂಗಳಿಗೊಮ್ಮೆ ಒಬ್ಬರ ಮನೆಯ ಜಗಲಿಯಲ್ಲಿ ಸೇರಿ ಒಂದು ಕಥೆಯನ್ನು ಗಟ್ಟಿಯಾಗಿ ಓದುತ್ತೇವೆ. ಡಿಸೆಂಬರಿಗೆ ಇಂಗ್ಲಿಷಿನ ಹಳೆಯ ಪ್ರೇತಕಥೆಯೊಂದನ್ನು ಕನ್ನಡಕ್ಕೆ ತಂದುಕೊಂಡು ಓದುವ ಯೋಚನೆಯಿದೆ. ಒಂದು ಗಂಟೆಯೊಳಗೆ ಮುಗಿಯಬೇಕು, ರಕ್ತಪಾತ ಬೇಡ. ‘ಘೋಸ್ಟ್’ ಎಂಬುದನ್ನು ‘ಭೂತ’ ಎಂದರೆ ನಮ್ಮ ಹಿರಿಯರು ಒಪ್ಪಲಿಕ್ಕಿಲ್ಲ, ಮತ್ತೇನೆನ್ನಬಹುದು?

ಮಣಿಪಾಲದ ಓದುಗಿ:
ಡಿಕನ್ಸ್‌ನ ‘ದಿ ಸಿಗ್ನಲ್‌ಮ್ಯಾನ್’ ಓದಿ, ರೈಲು ಹಳಿಯ ಸಿಗ್ನಲ್ ಕಾಯುವವನೊಬ್ಬನ ಕಥೆ. ಮುಕ್ಕಾಲು ಗಂಟೆ ಸಾಕು. ಅದು ಅವನದೇ ಪತ್ರಿಕೆಯ 1866ರ ಕ್ರಿಸ್‌ಮಸ್ ಸಂಚಿಕೆಗೆಂದು ಬರೆದದ್ದು. ಹಿಂದಿನ ವರ್ಷದ ಜೂನ್‌ನಲ್ಲಿ ಸ್ಟೇಪಲ್‌ಹರ್ಸ್ಟ್ ಬಳಿ ಹಳಿ ತಪ್ಪಿದ ರೈಲಿನಲ್ಲಿ ಸ್ವತಃ ಡಿಕನ್ಸ್ ಇದ್ದ ಎಂಬುದನ್ನು ತಿಳಿದು ಓದಿದರೆ, ಸುರಂಗದ ಬಾಯಲ್ಲಿ ಕೆಂಪು ದೀಪದಡಿ ನಿಂತು ಒಂದು ತೋಳಿನಿಂದ ಮುಖ ಮುಚ್ಚಿ ಇನ್ನೊಂದನ್ನು ಬೀಸುವ ಆ ಆಕೃತಿ ಬರಿಯ ಕಲ್ಪನೆಯೆನಿಸುವುದಿಲ್ಲ. ಸುಬ್ರಹ್ಮಣ್ಯ–ಸಕಲೇಶಪುರ ಘಾಟಿಯ 57 ಸುರಂಗಗಳನ್ನು ರಾತ್ರಿ ರೈಲಿನಲ್ಲಿ ದಾಟಿದವರಿಗೆ ಜಾಗವನ್ನು ವಿವರಿಸಬೇಕಾಗಿಯೂ ಇಲ್ಲ. ಅನುವಾದದಲ್ಲಿ ಒಂದೇ ಎಚ್ಚರ: ಕಥೆಯ ಮೊದಲಲ್ಲಿ ಮೇಲಿನಿಂದ ಬರುವ ಕೂಗು ಕೊನೆಯಲ್ಲಿ ಬೇರೊಬ್ಬನ ಬಾಯಲ್ಲಿ ಮರಳುತ್ತದೆ. ಎರಡೂ ಕಡೆ ಅದೇ ಮಾತುಗಳನ್ನು ಬಳಸದಿದ್ದರೆ ಕಥೆಯೇ ಕೈತಪ್ಪುತ್ತದೆ.

ಕದ್ರಿಯ ಹಳೆಯ ಓದುಗ:
ಡಿಕನ್ಸ್ ಸರಿ, ಆದರೆ ಈ ಪ್ರಕಾರದ ನಿಜವಾದ ಕುಶಲಿ ಎಂ. ಆರ್. ಜೇಮ್ಸ್. ಕೇಂಬ್ರಿಜ್‌ನ ಕಿಂಗ್ಸ್ ಕಾಲೇಜಿನಲ್ಲಿ ಕ್ರಿಸ್‌ಮಸ್ ಹೊತ್ತಿಗೆ ಗೆಳೆಯರ ಮುಂದೆ ಓದಲೆಂದೇ ಈ ವಿದ್ವಾಂಸ ಕಥೆ ಬರೆಯುತ್ತಿದ್ದ. 1904ರ ಸಂಕಲನದಲ್ಲಿ ಹಳೆಯ ಸೀಟಿಯೊಂದರ ಕಥೆಯಿದೆ. ದೆವ್ವವನ್ನು ನಂಬದ ಪ್ರಾಧ್ಯಾಪಕನೊಬ್ಬ ಕಡಲತೀರದ ಪಾಳಿನಲ್ಲಿ ಸಿಕ್ಕಿದ ಅದನ್ನು ಊದುತ್ತಾನೆ. ಆಮೇಲೆ ಅವನ ಕೋಣೆಯ ಖಾಲಿ ಹಾಸಿಗೆ ಖಾಲಿಯಾಗಿ ಉಳಿಯುವುದಿಲ್ಲ. ಮಲ್ಪೆಯ ಕಡೆ ಮುಸ್ಸಂಜೆ ಒಬ್ಬರೇ ನಡೆಯುವ ಅಭ್ಯಾಸವುಳ್ಳವರು ಮಾತ್ರ ಸ್ವಲ್ಪ ಯೋಚಿಸಿ ಓದಲಿ. ಲ್ಯಾಟಿನ್ ಮಾತುಗಳನ್ನೂ ಗಾಲ್ಫ್ ವಿವರಗಳನ್ನೂ ಕತ್ತರಿಸದಿದ್ದರೆ ಕೇಳುವವರು ಆಕಳಿಸುತ್ತಾರೆ.

ಇನ್ನು ಪದದ ವಿಚಾರ. ತುಳುನಾಡಿನಲ್ಲಿ ಭೂತವೆಂದರೆ ಕೋಲ ಪಡೆಯುವ, ನ್ಯಾಯ ನುಡಿಯುವ ದೈವ. ಅದನ್ನು ಇಲ್ಲಿಗೆ ಎಳೆಯಬಾರದು. ‘ಕುಲೆ’ ಹತ್ತಿರದ್ದೆನಿಸಿದರೂ ಅದು ಮನೆಯವರದೇ ಆತ್ಮ, ಎಲೆ ಹಾಕಿ ಬಡಿಸಿದರೆ ತೃಪ್ತಿಪಡುವಂಥದ್ದು. ಜೇಮ್ಸ್‌ನದ್ದು ಯಾರದೆಂದೇ ತಿಳಿಯದ, ಯಾವ ಕ್ರಿಯೆಗೂ ಜಗ್ಗದ ವಸ್ತು. ಶೀರ್ಷಿಕೆಗೆ ‘ಪ್ರೇತಕಥೆ’ ಇರಲಿ, ಕಥೆಯೊಳಗೆ ‘ಅದು’ ಎಂಬ ಸರ್ವನಾಮವೇ ಸಾಕು.

ಕುಂದಾಪುರದವ:
ಡಿಸೆಂಬರೇ ಯಾಕೆ? ಆಗ ಲಂಡನ್ನಿನಲ್ಲಿ ನಾಲ್ಕಕ್ಕೆ ಮೊದಲೇ ಸೂರ್ಯ ಮುಳುಗುತ್ತಾನೆ, ಅಲ್ಲಿಯವರು ಬೆಂಕಿಯ ಮುಂದೆ ಕೂರದೆ ಇನ್ನೇನು ಮಾಡಿಯಾರು! ನಮ್ಮಲ್ಲಿ ಸೂರ್ಯ ಮುಳುಗುವುದೇ ಆರರ ಮೇಲೆ. ಹೊರಗೆ ಹೋಗಲಾಗದ, ಕರೆಂಟು ನೆಚ್ಚಿಕೊಳ್ಳಲಾಗದ ನಮ್ಮ ಕಾಲವೆಂದರೆ ಆಟಿ ತಿಂಗಳ (ಜುಲೈ–ಆಗಸ್ಟ್) ಮಳೆಗಾಲ. ಅಂದ ಹಾಗೆ, ಸಿಗ್ನಲ್‌ಮ್ಯಾನ್‌ನ ಕೂಗಿಗೆ ನಮ್ಮ ‘ಹೋಯ್’ ಹೇಳಿ ಮಾಡಿಸಿದಂತಿದೆ.

ಉಡುಪಿಯ ಓದುಗ:
ಎಲ್ಲರಿಗೂ ಧನ್ಯವಾದಗಳು. ‘ಹೋಯ್’ ಎಂದೇ ಇಟ್ಟುಕೊಂಡು ಡಿಸೆಂಬರಿನಲ್ಲಿ ಡಿಕನ್ಸ್‌ನನ್ನು ಓದುತ್ತೇವೆ. ಸೀಟಿಯ ಕಥೆ ಆಟಿಗಿರಲಿ; ಅಷ್ಟರೊಳಗೆ ಗಾಲ್ಫ್ ಭಾಗವನ್ನು ಕತ್ತರಿಸಿ ಸಿದ್ಧಪಡಿಸುವ ಕೆಲಸ ನನ್ನದು.