ಕಾಫಿ ಕಣದ ಹಾಕಿಯನ್ನು ಲಿನೋದಲ್ಲಿ ಕೆತ್ತಬೇಕು, ಓಟ ಬರುತ್ತಿಲ್ಲ

ಲೆಫ್ಟ್‌ಔಟ್_ಸೋಮವಾರಪೇಟೆ

ಎಲ್ಲರಿಗೂ ನಮಸ್ಕಾರ. ಅರ್ಧ ಚಿತ್ರಕಲೆ, ಅರ್ಧ ಹಾಕಿ ಇರುವ ಪ್ರಶ್ನೆ ಇದು. ಎರಡೂ ಗೊತ್ತಿರುವವರು ಕೊಡಗಿನಲ್ಲಿ ಸಿಗದಿದ್ದರೆ ಇನ್ನೆಲ್ಲಿ ಸಿಗುತ್ತಾರೆ ಅಂತ ಇಲ್ಲಿ ಕೇಳುತ್ತಿದ್ದೇನೆ.

ನಾವು ಹುಡುಗರು ಹಾಕಿ ಆಡುತ್ತಿದ್ದದ್ದು ಪಕ್ಕದ ತೋಟದ ಕಾಫಿ ಕಣದಲ್ಲಿ. ಕಾಫಿ ಒಣಗಿ, ಮೂಟೆ ಕಟ್ಟಿ, ಲಾರಿ ಹೋದ ಮೇಲೆ ಮಾರ್ಚ್ ಹೊತ್ತಿಗೆ ಕಣ ಖಾಲಿ. ಸಿಮೆಂಟ್ ನೆಲ. ನೀರು ನಿಲ್ಲಬಾರದು ಅಂತ ಒಂದು ಬದಿಗೆ ಸ್ವಲ್ಪ ಇಳಿಜಾರು. ಇಳಿಜಾರಿನ ಕಡೆ ಹೊಡೆಯುವ ಟೀಮಿಗೆ ಲಾಭ, ಅದಕ್ಕೇ ಟಾಸ್ ವಿಷಯದಲ್ಲಿ ದಿನಾ ಜಗಳ. ಚೆಂಡು ಅಂಚು ದಾಟಿತೋ, ಕಾಫಿ ಗಿಡಗಳ ಬುಡದಲ್ಲಿ ಸಿಲ್ವರ್ ಓಕ್ ಎಲೆ ಕೆದಕಿ ಹುಡುಕಬೇಕು. ಎಲ್ಲರಿಗಿಂತ ಸಣ್ಣವನು ನಾನು, ಹುಡುಕುವ ಕೆಲಸ ನನ್ನದೇ. ನಿಜವಾದ ಸ್ಟಿಕ್ ಇದ್ದದ್ದು ಅಣ್ಣನ ಹತ್ತಿರ ಮಾತ್ರ. ಉಳಿದವರ ಕೈಯಲ್ಲಿ ಬುಡ ಬಾಗಿದ ಕೊಂಬೆ, ಕತ್ತಿಯಲ್ಲಿ ಸವರಿ ನುಣ್ಣಗೆ ಮಾಡಿದ್ದು. ಅರ್ಜುನ್ ಹಾಲಪ್ಪ, ಎಸ್.ವಿ. ಸುನಿಲ್ ನಮ್ಮೂರಿನವರು ಅಂತ ಇವತ್ತಿಗೂ ಬೆಂಗಳೂರಿನಲ್ಲಿ ಯಾರು ಸಿಕ್ಕರೂ ಹೇಳುತ್ತೇನೆ. ಅವರು ಕೇಳದಿದ್ದರೂ ಹೇಳುತ್ತೇನೆ.

ಈಗ ಚಿತ್ರದ ವಿಷಯ. ಕೆಲವು ವರ್ಷಗಳಿಂದ ಸಿಬಿಲ್ ಆಂಡ್ರ್ಯೂಸ್ ಅವರ ಲಿನೋಕಟ್‌ಗಳು ಅಂದರೆ ನನಗೆ ಹುಚ್ಚು. ಲಿನೋಕಟ್ ಅಂದರೆ ಲಿನೋಲಿಯಂ ಹಾಳೆಯಲ್ಲಿ ಚಿತ್ರ ಕೆತ್ತಿ, ಇಂಕ್ ಹಚ್ಚಿ ಕಾಗದಕ್ಕೆ ಒತ್ತುವುದು; ಕೆತ್ತಿದ ಆ ತುಂಡೇ ಬ್ಲಾಕ್. 1898ರಲ್ಲಿ ಇಂಗ್ಲೆಂಡಿನ ಬರಿ ಸೇಂಟ್ ಎಡ್ಮಂಡ್ಸ್‌ನಲ್ಲಿ ಹುಟ್ಟಿದವರು. ಮೊದಲ ಮಹಾಯುದ್ಧದ ಕಾಲದಲ್ಲಿ ವಿಮಾನದ ಕಾರ್ಖಾನೆಯಲ್ಲಿ ವೆಲ್ಡಿಂಗ್ ಮಾಡಿದರು, ಎರಡನೆಯ ಯುದ್ಧದಲ್ಲಿ ದೋಣಿ ಕಟ್ಟುವ ಕಡೆ ದುಡಿದರು. ಅದಕ್ಕೇ ಇರಬೇಕು, ಅವರ ಚಿತ್ರದ ಜನ ಸುಮ್ನೆ ನಿಲ್ಲುವುದೇ ಇಲ್ಲ. ಎಳೆಯುತ್ತಾರೆ, ಎತ್ತುತ್ತಾರೆ, ಓಡಿಸುತ್ತಾರೆ. 1934ರ 'ಸ್ಪೀಡ್‌ವೇ' ನೋಡಿ: ಮೋಟಾರ್‌ಬೈಕಿನವರು ಒಬ್ಬರ ಹಿಂದೆ ಒಬ್ಬರು ಬಾಗಿ ನಮ್ಮ ಮೇಲೇ ನುಗ್ಗುತ್ತಾರೆ. ಯಾರ ಮುಖವೂ ಗುರುತು ಸಿಗುವುದಿಲ್ಲ, ಆದರೂ ವೇಗ ಕಣ್ಣಿಗೆ ಹೊಡೆಯುತ್ತದೆ. 1933ರ 'ಬ್ರಿಂಗಿಂಗ್ ಇನ್ ದ ಬೋಟ್'ನಲ್ಲಿ ಹುಟ್ಟು ಹಾಕುವ ಆಟಗಾರರು ದೋಣಿ ಹೊತ್ತು ತರುತ್ತಾರೆ. ಆ ಭಾರ ನಮ್ಮ ಭುಜಕ್ಕೇ ಬರುತ್ತದೆ.

ಹಾಗೇ ನಮ್ಮ ಕಣದ ಹಾಕಿಯನ್ನು ಕೆತ್ತಬೇಕು ಅಂತ ಆಸೆ. ಫೋಟೋ ಇಟ್ಟುಕೊಂಡು ಬರೆದೆ. ಸ್ಟಿಕ್, ಬೆರಳು, ಶರ್ಟಿನ ಗುಂಡಿ ಎಲ್ಲ ಸರಿಯಾಗಿ ಬಂತು. ಹುಡುಗರು ಮಾತ್ರ ಗ್ರೂಪ್ ಫೋಟೋಗೆ ನಿಂತ ಹಾಗಿದ್ದಾರೆ. ಏನು ಮಾಡಲಿ? ಬಣ್ಣ ಹಾಕುವುದಾದರೆ ಒಂದೇ ಬ್ಲಾಕೋ, ಬೇರೆ ಬೇರೆಯೋ?

ಉಳಿ_ರೋಲರ್

ನಾನು ಮೈಸೂರಿನ ಕಾವಾ ಚಿತ್ರಕಲಾ ಕಾಲೇಜಿನಲ್ಲಿ ಪ್ರಿಂಟ್‌ಮೇಕಿಂಗ್ (ಅಚ್ಚು ಚಿತ್ರಕಲೆ) ಓದಿ ಈಗ ಕುಶಾಲನಗರದಲ್ಲಿದ್ದೇನೆ. ತಮ್ಮಾ, ಮೊದಲು ಆ ಗುಂಡಿ ತೆಗಿ.

ತಮಾಷೆಯಲ್ಲ. ಆಂಡ್ರ್ಯೂಸ್‌ಗೆ ಲಿನೋ ಕಲಿಸಿದ ಕ್ಲಾಡ್ ಫ್ಲೈಟ್ ಲಂಡನ್ನಿನ ಗ್ರೋವ್ನರ್ ಸ್ಕೂಲಿನಲ್ಲಿ ಪಾಠ ಮಾಡುತ್ತಿದ್ದವರು. ಆಂಡ್ರ್ಯೂಸ್ ಅದೇ ಶಾಲೆಯ ಕಾರ್ಯದರ್ಶಿ. ಅಲ್ಲಿಯವರೆಗೆ ಹೀಗೆ ಕೆತ್ತಿದ ಬಣ್ಣದ ಪ್ರಿಂಟ್ ಅಂದರೆ ಹೆಚ್ಚಾಗಿ ಕಪ್ಪು ಗೆರೆಯ ಒಂದು ಬ್ಲಾಕ್, ಅದರೊಳಗೆ ಬಣ್ಣ ತುಂಬುವುದು. ಇವರು ಆ ಕಪ್ಪು ಗೆರೆಯ ಬ್ಲಾಕನ್ನೇ ಕೈಬಿಟ್ಟರು. ಮೂರೋ ನಾಲ್ಕೋ ಬ್ಲಾಕ್, ಒಂದೊಂದಕ್ಕೆ ಒಂದೊಂದು ಬಣ್ಣ. ಒಂದರ ಮೇಲೆ ಒಂದು ಬಿದ್ದ ಕಡೆ ಹೊಸ ಬಣ್ಣ ಹುಟ್ಟುತ್ತದೆ. ಗೆರೆ ಹಾಕಿ ಸುತ್ತ ಬೇಲಿ ಕಟ್ಟದ ಕಾರಣ ಆಕಾರಗಳು ಒಂದಕ್ಕೊಂದು ಹರಿಯುತ್ತವೆ. ಓಟ ಬರುವುದು ಅಲ್ಲಿಂದ.

'ಸ್ಪೀಡ್‌ವೇ'ಯಲ್ಲಿ ಇನ್ನೊಂದು ಗಮನಿಸು. ಒಂದೇ ಬಾಗು ಮತ್ತೆ ಮತ್ತೆ ಬರುತ್ತದೆ: ಚಕ್ರದಲ್ಲಿ, ಬೆನ್ನಿನಲ್ಲಿ, ಭುಜದಲ್ಲಿ. ನಿನ್ನ ಚಿತ್ರದಲ್ಲಿ ಆ ಬಾಗು ಯಾವುದು ಅಂತ ಮೊದಲು ನಿರ್ಧಾರ ಮಾಡು. ನನ್ನ ಪ್ರಕಾರ ಸ್ಟಿಕ್ಕಿನ ತುದಿಯ ಕೊಕ್ಕೆ. ಹುಡುಗರ ಬೆನ್ನೂ ಅದೇ ಬಾಗಿನಲ್ಲಿ ಬರಲಿ, ಕಣದ ಅಂಚೂ ಬರಲಿ. ಪೆನ್ಸಿಲ್ ಬಿಟ್ಟು ದಪ್ಪ ಬ್ರಷ್ಷಿನಲ್ಲಿ ಸ್ಕೆಚ್ ಮಾಡು. ಬ್ರಷ್ಷಿಗೆ ಗುಂಡಿ ಬರೆಯಲು ಆಗುವುದಿಲ್ಲ, ಅದೇ ಒಳ್ಳೆಯದು.

ಸಾಮಾನಿನ ಬಗ್ಗೆ. ನೆಲಕ್ಕೆ ಹಾಸುವ ಪ್ಲಾಸ್ಟಿಕ್ ಶೀಟನ್ನೇ ಲಿನೋ ಅಂತ ಕೊಡುವವರಿದ್ದಾರೆ, ತಗೋಬೇಡ. ನಿಜವಾದ ಲಿನೋ ಅಗಸೆ ಎಣ್ಣೆ, ಕಾರ್ಕ್ ಪುಡಿ ಸೇರಿಸಿ ಮಾಡಿದ್ದು, ಹಿಂಬದಿಗೆ ಸೆಣಬಿನ ಬಟ್ಟೆ ಇರುತ್ತದೆ. ನಮ್ಮ ಚಳಿಗೆ ಅದು ಗಟ್ಟಿಯಾಗಿ ಉಳಿ ಜಾರುತ್ತದೆ, ಬೆರಳಿಗೆ ಹೋಗುತ್ತದೆ. ಸ್ವಲ್ಪ ಹೊತ್ತು ಬಿಸಿಲಿನಲ್ಲಿಟ್ಟು ಕೆತ್ತು. ಪ್ರೆಸ್ ಬೇಕಾಗಿಲ್ಲ, ಅವರೂ ತೆಳು ಜಪಾನೀ ಕಾಗದ ಹಾಸಿ ಹಿಂದಿನಿಂದ ಕೈಯಲ್ಲೇ ಉಜ್ಜಿ ಅಚ್ಚು ತೆಗೆಯುತ್ತಿದ್ದರು. ನಮಗೆ ನೇಪಾಳದ ಕೈಕಾಗದ ಸಾಕು, ಮರದ ಚಮಚದ ಬೆನ್ನು ಸಾಕು. ಒಂದು ಮಾತ್ರ ನೆನಪಿಡು: ಜೂನ್ ಹಿಡಿಯುವ ಮೊದಲೇ ಅಚ್ಚು ಮುಗಿಸು. ನಮ್ಮ ಮಳೆಗಾಲದಲ್ಲಿ ಎಣ್ಣೆ ಇಂಕ್ ಬೇಗ ಒಣಗುವುದಿಲ್ಲ. ಕಾಗದಕ್ಕೆ ಬೂಷ್ಟು ಬೇರೆ.

ನಾಪೋಕ್ಲು_ಫುಲ್‌ಬ್ಯಾಕ್

ಚಿತ್ರ ನನಗೆ ಗೊತ್ತಿಲ್ಲ. ಹಾಕಿ ಗೊತ್ತು. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಕೊಡವ ಕುಟುಂಬಗಳ ಹಾಕಿ ಶುರು ಮಾಡಿದಾಗ 60 ತಂಡ. 2024ರಲ್ಲಿ ನಮ್ಮ ನಾಪೋಕ್ಲಿನಲ್ಲಿ ಆದಾಗ 360. ಅಜ್ಜನೂ ಮೊಮ್ಮಗನೂ ಒಂದೇ ಟೀಮು, ಮನೆಯ ಸೊಸೆಯೂ ಆಡುತ್ತಾಳೆ. ಅಷ್ಟು ಆಟ ನೋಡಿದವನ ಒಂದು ಅನುಮಾನ.

ಈ ಅಚ್ಚಿನಲ್ಲಿ ಕೆತ್ತಿದ್ದು ಉಲ್ಟಾ ಬರುತ್ತದೆ ಅಲ್ವಾ? ಹಾಗಾದರೆ ಮಗಾ, ಜೋಪಾನ. ಕ್ರಿಕೆಟ್ಟಿನಲ್ಲಾದರೆ ಬಲಗೈ ಆಟಗಾರ ಎಡಗೈ ಆಟಗಾರ ಆಗುತ್ತಾನೆ, ಯಾರೂ ಕೇಳುವುದಿಲ್ಲ. ಹಾಕಿಯಲ್ಲಿ ಎಡಗೈ ಸ್ಟಿಕ್ ಅನ್ನುವುದೇ ಇಲ್ಲ. ಎಲ್ಲ ಸ್ಟಿಕ್ಕಿಗೂ ಚಪ್ಪಟೆ ಮುಖ ಎಡಬದಿಗೆ, ಹೊಡೆಯಬೇಕಾದ್ದು ಅದರಲ್ಲೇ. ದುಂಡು ಬೆನ್ನಿಗೆ ತಾಗಿದರೆ ಫೌಲ್. ಎಡಗೈ ಮೇಲೆ, ಬಲಗೈ ಕೆಳಗೆ. ನೀನು ಕಂಡ ಹಾಗೇ ಕೆತ್ತಿದರೆ ಕಾಗದದ ಮೇಲೆ ನಿನ್ನ ಹುಡುಗರೆಲ್ಲ ಬಲಗೈ ಮೇಲೆ ಹಿಡಿದು ಬೆನ್ನಿನಲ್ಲಿ ಹೊಡೆಯುತ್ತಾರೆ. ಬೇರೆ ಊರಿನವರಿಗೆ ತಿಳಿಯುವುದಿಲ್ಲ. ಇಲ್ಲಿ ಗೋಡೆಗೆ ಹಾಕಿದರೆ ಕಾಫಿ ಕುಡಿಯಲು ಬಂದ ಪ್ರತಿಯೊಬ್ಬನೂ ಹೇಳುತ್ತಾನೆ.

ಮತ್ತೆ, ಟಿವಿಯ ಟರ್ಫ್ ಆಟದ ಫೋಟೋ ನೋಡಿ ಬರೆಯಬೇಡ. ಕಣದಲ್ಲಿ ಆಡುವ ಹುಡುಗ ಬರಿಗಾಲಿನವನು. ಪಕ್ಕದವನ ಕೋಲು ತನ್ನ ಕಾಲಿಗೆ ಬೀಳಬಾರದು ಅಂತ ಹೆದರಿ ಒಂದು ಕಾಲು ಎತ್ತಿಯೇ ಆಡುತ್ತಾನೆ. ಅದನ್ನು ಹಾಕು.

ಲೆಫ್ಟ್‌ಔಟ್_ಸೋಮವಾರಪೇಟೆ

ಅಂಕಲ್, ಎತ್ತಿದ ಕಾಲು! ನನ್ನ ಎಡಗಾಲಿನ ಹೆಬ್ಬೆರಳಿನ ಉಗುರು ಇವತ್ತಿಗೂ ಸೊಟ್ಟ ಇದೆ, ಅಣ್ಣನ ಸ್ಟಿಕ್ಕಿನ ಕೃಪೆ. ಕಾಲು ಎತ್ತುವುದು ತಡವಾಗಿತ್ತು.

ಅಕ್ಕಾ, ಗುಂಡಿ ತೆಗೆದೆ. ಬ್ರಷ್ಷಿನಲ್ಲಿ ಬರೆದಾಗ ಮೂರು ಬೆನ್ನು, ಮೂರು ಕೊಕ್ಕೆ ಮಾತ್ರ ಉಳಿಯಿತು. ಅಷ್ಟರಲ್ಲೇ ಯಾರು ಯಾರು ಅಂತ ನನಗೆ ಗೊತ್ತಾಗುತ್ತದೆ. ಬಣ್ಣಕ್ಕೆ ಕಾಫಿ ಗಿಡದ ಕಡು ಹಸಿರು, ಸಂಜೆಯ ಕೇಸರಿ, ಒಂದು ನೀಲಿ ಅಂದುಕೊಂಡಿದ್ದೇನೆ. ಸಿಮೆಂಟಿಗೆ ಬೇರೆ ಬಣ್ಣ ಬೇಡ, ಕಾಗದವನ್ನೇ ಖಾಲಿ ಬಿಟ್ಟರೆ ಹೇಗೆ?

ಕಪ್ಪುಬಿಳುಪು

ಇಷ್ಟೆಲ್ಲ ಬಣ್ಣ ಯಾಕೆ ಮಾರಾಯ್ರೇ? ಚಿತ್ತಪ್ರಸಾದ್ ಅವರ ಲಿನೋಕಟ್ ನೋಡಿ. ಬರೀ ಕಪ್ಪು, ಬಿಳಿ. ಬಂಗಾಳದ ರೈತರು, ಕೂಲಿಗಳು, ಮಕ್ಕಳು ಎಷ್ಟು ಗಟ್ಟಿಯಾಗಿ ನಿಲ್ಲುತ್ತಾರೆ. ಮೊದಲ ಸಲಕ್ಕೆ ಒಂದೇ ಬ್ಲಾಕ್ ಸಾಕು ಅನ್ನುತ್ತೇನೆ.

ಉಳಿ_ರೋಲರ್

ಚಿತ್ತಪ್ರಸಾದ್ ನನಗೂ ಇಷ್ಟ. ಆದರೆ ನೀವೇ ಹೇಳಿದಿರಲ್ಲ, ಗಟ್ಟಿಯಾಗಿ ನಿಲ್ಲುತ್ತಾರೆ ಅಂತ. ಇವನಿಗೆ ಓಡುವವರು ಬೇಕು.

ತಮ್ಮಾ, ಕಣ ಖಾಲಿ ಬಿಡುವುದು ಸರಿ. ತಿಳಿ ಬಣ್ಣ ಮೊದಲು ಒತ್ತು, ನೀಲಿ ಕೊನೆಗೆ. ಅಂಕಲ್ ಹೇಳಿದ್ದಕ್ಕೆ ಉಪಾಯ ಸುಲಭ: ಸ್ಕೆಚ್ಚನ್ನು ಟ್ರೇಸಿಂಗ್ ಕಾಗದಕ್ಕೆ ಇಳಿಸಿ, ಆ ಕಾಗದವನ್ನು ಮಗುಚಿ, ಕಾರ್ಬನ್ ಇಟ್ಟು ಪ್ರತಿ ಬ್ಲಾಕಿಗೂ ಅದೇ ಹಾಳೆಯಿಂದ ತಿದ್ದು. ಆಗ ಬಣ್ಣಗಳೂ ಒಂದರ ಮೇಲೆ ಒಂದು ಸರಿಯಾಗಿ ಕೂರುತ್ತವೆ. ಕೆತ್ತುವ ಮೊದಲು ಬ್ಲಾಕನ್ನು ಕನ್ನಡಿಗೆ ಹಿಡಿದು ನೋಡು. ಕನ್ನಡಿಯಲ್ಲಿ ಎಡಗೈ ಮೇಲೆ ಕಂಡರೆ ಉಳಿ ಹಿಡಿ.

ನಾಪೋಕ್ಲು_ಫುಲ್‌ಬ್ಯಾಕ್

ಮುಗಿದ ಮೇಲೆ ಒಂದು ಪ್ರತಿ ನನಗೆ ಬೇಕು, ದುಡ್ಡು ಕೊಡುತ್ತೇನೆ. ಗೋಲಿಯನ್ನೂ, ಅಂದರೆ ಗೋಲ್‌ಕೀಪರನ್ನೂ ಹಾಕು. ಕಣದ ಹಾಕಿಯಲ್ಲಿ ಗೋಲಿಯನ್ನು ಯಾರೂ ನೆನಪಿಡುವುದಿಲ್ಲ.

ಲೆಫ್ಟ್‌ಔಟ್_ಸೋಮವಾರಪೇಟೆ

ನಮ್ಮಲ್ಲಿ ಗೋಲಿ ಇರಲಿಲ್ಲ ಅಂಕಲ್. ಎರಡು ಖಾಲಿ ಗೋಣಿಚೀಲ, ನಡುವೆ ತೋಟದ ನಾಯಿ.