ಆರ್ಕೇಡ್ ರೇಸಿಂಗ್ ಗೇಮ್: 90 ಡಿಗ್ರಿ ತಿರುವಲ್ಲಿ ಕಾರು ಹೊರಗೋಡೆಗೇ ಯಾಕೆ ಬಡಿಯುತ್ತೆ?

ತಿರುವುಮುರುವು:
ಗೊಡೋ ಎಂಜಿನ್‌ನಲ್ಲಿ ಆರ್ಕೇಡ್ ರೇಸಿಂಗ್ ಗೇಮ್ ಮಾಡ್ತಿದ್ದೀನಿ, ಕೀಬೋರ್ಡ್ ಕಂಟ್ರೋಲ್. ಟಾಪ್ ಸ್ಪೀಡ್ ಸೆಕೆಂಡಿಗೆ 40 ಮೀಟರ್. ಕಾರಿನ ಮೂತಿ ಸೆಕೆಂಡಿಗೆ 45 ಡಿಗ್ರಿ ತಿರುಗುತ್ತೆ. ಕಾರಿನ ಅಗಲ 2 ಮೀಟರ್, ರಸ್ತೆ 10 ಮೀಟರ್. ನೇರ ರಸ್ತೆಯಲ್ಲೂ ಕಾರು ಹಾವಿನ ಹಾಗೆ ಓಲಾಡುತ್ತೆ. 25 ಮೀಟರ್ ತ್ರಿಜ್ಯದ 90 ಡಿಗ್ರಿ ತಿರುವಲ್ಲಿ ಪ್ರತಿ ಸಲ ಹೊರಗೋಡೆಗೆ ಬಡಿಯುತ್ತೆ. ಡ್ರಿಫ್ಟ್ (ತಿರುವಲ್ಲಿ ಕಾರನ್ನು ಪಕ್ಕಕ್ಕೆ ಜಾರಿಸೋದು) ಹಾಕಿದರೆ ಬುಗುರಿ ತರ ಸುತ್ತಿಬಿಡುತ್ತೆ. ಟ್ರ್ಯಾಕ್ ಬದಲಿಸಬೇಕಾ, ಕಂಟ್ರೋಲ್ ಬದಲಿಸಬೇಕಾ?

ಹ್ಯಾಂಡ್‌ಬ್ರೇಕ್:
ಎರಡಕ್ಕೂ ಲೆಕ್ಕ ಒಂದೇ. ವೇಗವನ್ನು ಮೂತಿ ತಿರುಗುವ ದರದಿಂದ ಭಾಗಿಸಿದರೆ ಕಾರು ಹಿಡಿಯಬಲ್ಲ ಅತಿ ಚಿಕ್ಕ ತ್ರಿಜ್ಯ ಸಿಗುತ್ತೆ. 45 ಡಿಗ್ರಿ ಅಂದರೆ 0.785 ರೇಡಿಯನ್, ಹಾಗಾಗಿ ನಿಮ್ಮದು ಸುಮಾರು 51 ಮೀಟರ್. ಹೊರ ಅಂಚಿನಿಂದ ಬಂದು, ಒಳ ಅಂಚು ಸವರಿ, ಮತ್ತೆ ಹೊರಗೆ ಹೋದರೂ ಆ ತಿರುವಲ್ಲಿ ಸಿಗೋ ಗೆರೆ 48 ಮೀಟರ್ ತ್ರಿಜ್ಯದ್ದು. ಕಾರಿಗೆ ಬೇಕಿರೋದು 51, ಹಾಗಾಗಿ ಎಷ್ಟೇ ಚೆನ್ನಾಗಿ ಓಡಿಸಿದರೂ ಗೋಡೆ ತಪ್ಪಲ್ಲ.

ರಸ್ತೆಯನ್ನು 14 ಮೀಟರ್ ಮಾಡಿ. ಅದೇ ಗೆರೆ 60 ಮೀಟರ್ ಆಗುತ್ತೆ, ಆಕ್ಸಿಲರೇಟರ್ ಬಿಡದೆ ದಾಟಬಹುದು. ಮೊದಲ ಟ್ರ್ಯಾಕಿಗೆ ಅದೇ ಸರಿ. ಮುಂದಿನ ಟ್ರ್ಯಾಕಲ್ಲಿ 10 ಮೀಟರೇ ಇರಲಿ, ಡ್ರಿಫ್ಟ್‌ನಲ್ಲಿ ದರವನ್ನು 70 ಡಿಗ್ರಿಗೆ ಏರಿಸಿ. ಆಗ 33 ಮೀಟರ್ ತ್ರಿಜ್ಯವೂ ಕೈಗೆ ಬರುತ್ತೆ, ಡ್ರಿಫ್ಟ್ ಕಲಿತವರಿಗೆ ಆ ತಿರುವು ಒಲಿಯುತ್ತೆ.

ಮಾರಿಯೋ ಕಾರ್ಟ್ 8 ರೇಸಿಂಗ್ ಗೇಮಿಗೆ 2015ರಲ್ಲಿ 200 ಸಿಸಿ ಅನ್ನೋ ಹೆಚ್ಚು ವೇಗದ ಮೋಡ್ ಬಂದಾಗ ಟ್ರ್ಯಾಕ್‌ಗಳು ಹಾಗೇ ಉಳಿದವು, ವೇಗ ಮಾತ್ರ ಏರಿತು. ಡ್ರಿಫ್ಟ್ ಬಿಡದೆ ಬ್ರೇಕ್ ಒತ್ತೋ ಕೈಚಳಕ ಅಲ್ಲಿ ಅಷ್ಟು ಮುಖ್ಯವಾಗಿದ್ದು ಅದಕ್ಕೇ.

ಗೇರ್‌ನಾಲ್ಕು:
ಬುಗುರಿಯ ವಿಷಯ. ಟೈರ್ ಹಿಡಿತ ಕಡಿಮೆ ಮಾಡಿ ಡ್ರಿಫ್ಟ್ ಬರಿಸೋಕೆ ಹೋಗಬೇಡಿ, ಅದನ್ನು ಬೇರೆಯೇ ಸ್ಥಿತಿಯಾಗಿ ಬರೆಯಿರಿ. ವೇಗ ಸೆಕೆಂಡಿಗೆ 15 ಮೀಟರ್ ದಾಟಿದ್ದು, ಸ್ಟೀರಿಂಗ್ ಒತ್ತಿರುವಾಗ ಬ್ರೇಕ್ ತಟ್ಟಿದರೆ ಡ್ರಿಫ್ಟ್ ಶುರು. ಆ ಕ್ಷಣದ ದಿಕ್ಕು ಎಡವೋ ಬಲವೋ, ಡ್ರಿಫ್ಟ್ ಮುಗಿಯೋ ತನಕ ಬದಲಾಗಕೂಡದು. ಎದುರು ಕೀ ಒತ್ತಿದರೆ ದರ 70ರಿಂದ 35ಕ್ಕೆ ಇಳಿಯಬೇಕು, ಅಷ್ಟೇ. ಮಾರಿಯೋ ಕಾರ್ಟ್‌ನಲ್ಲೂ ಎದುರು ಒತ್ತಿದರೆ ಡ್ರಿಫ್ಟ್ ಅಗಲವಾಗುತ್ತೆ, ದಿಕ್ಕು ತಿರುಗಲ್ಲ.

ಪಕ್ಕಕ್ಕೆ ಜಾರುವ ವೇಗವನ್ನು ಪ್ರತಿ ಫ್ರೇಮಿಗೆ 0.9ರಿಂದ ಗುಣಿಸ್ತಿದ್ದರೆ ಈಗಲೇ ನಿಲ್ಲಿಸಿ. ಒಂದು ಸೆಕೆಂಡಾದ ಮೇಲೆ ಸೆಕೆಂಡಿಗೆ 60 ಫ್ರೇಮ್ ಓಡೋ ಕಡೆ ಉಳಿಯೋದು 0.2%, 30 ಫ್ರೇಮ್ ಓಡೋ ಕಡೆ 4%. ಕಂಪ್ಯೂಟರ್ ಬದಲಾದರೆ ಕಾರೇ ಬದಲಾಗುತ್ತೆ. ಎಕ್ಸ್‌ಪೊನೆನ್ಷಿಯಲ್ ಇಳಿಕೆ (ಫ್ರೇಮ್ ಎಣಿಸದೆ, ಕಳೆದ ಸಮಯಕ್ಕೆ ತಕ್ಕಂತೆ ತಗ್ಗಿಸೋದು) ಬಳಸಿ: ಸಾಮಾನ್ಯ ಓಟಕ್ಕೆ ಗುಣಾಂಕ 6, ಡ್ರಿಫ್ಟಿಗೆ 2. 70 ಡಿಗ್ರಿ ದರದಲ್ಲಿ 2 ಇಟ್ಟರೆ ಮೂತಿ ಓಟದ ದಿಕ್ಕಿನಿಂದ ಸುಮಾರು 31 ಡಿಗ್ರಿ ವಾಲಿ ತಾನೇ ನಿಲ್ಲುತ್ತೆ, ಸುತ್ತಲ್ಲ.

ತಿರುವುಮುರುವು:
0.9 ಅಂತಲೇ ಬರೆದಿದ್ದೆ! ಓಲಾಟಕ್ಕೆ ಏನು ಮಾಡಲಿ? ಗೋಡೆ ಸವರಿದರೂ ಕಾರು ಗಕ್ಕನೆ ನಿಲ್ಲುತ್ತೆ.

ಹ್ಯಾಂಡ್‌ಬ್ರೇಕ್:
ಕೀ ಅಂದರೆ ಸೊನ್ನೆ ಇಲ್ಲವೇ ಪೂರ್ತಿ. 0.1 ಸೆಕೆಂಡ್ ತಟ್ಟಿದರೂ 4.5 ಡಿಗ್ರಿ ತಿರುಗುತ್ತೆ, ಮುಂದಿನ ಸೆಕೆಂಡಲ್ಲಿ ಕಾರು 3 ಮೀಟರ್ ಪಕ್ಕಕ್ಕೆ ಹೋಗಿರುತ್ತೆ. ಸ್ಟೀರಿಂಗ್ ಸೊನ್ನೆಯಿಂದ ಪೂರ್ತಿಗೆ ಏರೋಕೆ 0.2 ಸೆಕೆಂಡ್, ಇಳಿಯೋಕೆ 0.1 ಸೆಕೆಂಡ್ ಕೊಡಿ. ಅದೇ ತಟ್ಟು 1.7 ಡಿಗ್ರಿಗೆ ಇಳಿಯುತ್ತೆ.

ಗೋಡೆಗೆ ತಗುಲಿದಾಗ ಗೋಡೆಯತ್ತ ನುಗ್ಗುವ ವೇಗವನ್ನಷ್ಟೇ ತೆಗೆಯಿರಿ, ಗೋಡೆಯುದ್ದಕ್ಕೆ ಇರೋದನ್ನು ಬಿಡಿ. ಕಾರಿನ ಕೊಲೈಡರ್ (ಡಿಕ್ಕಿ ಲೆಕ್ಕ ಹಾಕೋಕೆ ಬಳಸೋ ಕಾಣದ ಆಕಾರ) ಪೆಟ್ಟಿಗೆ ಆಕಾರದ್ದಾಗಿದ್ದರೆ ಗೋಡೆ ತುಂಡುಗಳ ಸಂದಿಗೆ ಅದರ ಮೂಲೆ ಸಿಕ್ಕಿಹಾಕಿಕೊಳ್ಳುತ್ತೆ. ಗೋಳಾಕಾರದ್ದು ಹಾಕಿ.